ಕಲ್ಲಿನ ಮನೆ, ರೇಡಾನ್ ಮತ್ತು ಅಮ್ಮನ ಜೀನ್ ರಿಪೋರ್ಟ್

ಪ್ರಶ್ನೆ: ನಮ್ಮದು ಚಿತ್ರದುರ್ಗ. ಕೋಟೆ ಬುಡದಲ್ಲಿ ಹಳೇ ಕಲ್ಲಿನ ಮನೆ, ಕಿಟಕಿ ಎರಡೇ. ಅಮ್ಮನಿಗೆ 62 ವರ್ಷ. ಬೀಡಿ, ಸಿಗರೇಟು, ಎಲೆಅಡಿಕೆ ಯಾವುದೂ ಇಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್ ಬಂದಿದೆ. ರಿಪೋರ್ಟಿನಲ್ಲಿ ‘ಇಜಿಎಫ್‌ಆರ್ ಮ್ಯುಟೇಷನ್ ಪಾಸಿಟಿವ್, ಎಕ್ಸಾನ್ 19 ಡಿಲೀಷನ್’ ಅಂತ ಬರೆದಿದ್ದಾರೆ. ಕಲ್ಲಿನಿಂದ ರೇಡಾನ್ ಅನಿಲ ಬಂದು ಜೀನ್ ಕೆಡಿಸುತ್ತದೆ ಎಂದು ಓದಿದೆ. ಆ ಕೆಟ್ಟ ಜೀನ್ ನನಗೂ ತಂಗಿಗೂ ಬಂದಿರುತ್ತದಾ? ನಾವೂ ಜೀನ್ ಟೆಸ್ಟ್ ಮಾಡಿಸಬೇಕಾ? ಮನೆ ಬಿಡಬೇಕಾ?

ಉತ್ತರ: ನಿಮ್ಮ ದೊಡ್ಡ ಭಯಕ್ಕೆ ಮೊದಲು ಉತ್ತರ ಹೇಳುತ್ತೇನೆ. ಆ ರಿಪೋರ್ಟ್ ಗಡ್ಡೆಯದ್ದು, ನಿಮ್ಮ ವಂಶದ್ದಲ್ಲ. ಇಜಿಎಫ್‌ಆರ್ ಎಂದರೆ ಜೀವಕೋಶದ ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನ್. ಎಕ್ಸಾನ್ 19 ಡಿಲೀಷನ್ ಎಂದರೆ ಆ ಜೀನ್‌ನ 19ನೇ ಭಾಗದಲ್ಲಿ ಒಂದು ತುಂಡು ಬಿಟ್ಟುಹೋಗಿದೆ ಎಂದರ್ಥ. ಬಯಾಪ್ಸಿಯಲ್ಲಿ ತೆಗೆದ ಚೂರಿನ ಜೀವಕೋಶಗಳಲ್ಲಿ ಆ ಬದಲಾವಣೆ ಸಿಕ್ಕಿದೆ. ಅದು ಅಮ್ಮನ ಶ್ವಾಸಕೋಶದಲ್ಲೇ, ದೊಡ್ಡವರಾದ ಮೇಲೆ ಹುಟ್ಟಿಕೊಂಡದ್ದು. ನಿಮ್ಮನ್ನು ಹೆರುವಾಗ ಅವರು ಕೊಟ್ಟ ಜೀನ್‌ಗಳಲ್ಲಿ ಅದು ಇರಲಿಲ್ಲ. ಹುಟ್ಟಿನಿಂದಲೇ ಬರುವ ಇಜಿಎಫ್‌ಆರ್ ಬದಲಾವಣೆಯೂ ಇದೆ, ಟಿ790ಎಂ ಅಂತ. ಆದರೆ ಅದು ಬಲು ಅಪರೂಪ. ಎಕ್ಸಾನ್ 19 ಡಿಲೀಷನ್ ಆ ಸಾಲಿಗೆ ಸೇರಿದ್ದಲ್ಲ. ಪಾಸಿಟಿವ್ ಅನ್ನೋದು ಇಲ್ಲಿ ಒಂದು ಲೆಕ್ಕಕ್ಕೆ ಅನುಕೂಲವೇ. ಜೆಫಿಟಿನಿಬ್, ಒಸಿಮರ್ಟಿನಿಬ್‌ನಂಥ ಮಾತ್ರೆಗಳು ಕೆಲಸ ಮಾಡುವುದು ಇಂಥ ಗಡ್ಡೆಗಳ ಮೇಲೆಯೇ.

ಈಗ ರೇಡಾನ್. ಕಲ್ಲು ಮಣ್ಣಿನಲ್ಲಿ ಒಂದಿಷ್ಟು ಯುರೇನಿಯಂ ಇದ್ದೇ ಇರುತ್ತದೆ. ಅದು ಒಡೆದು ರೇಡಿಯಂ, ರೇಡಿಯಂ ಒಡೆದು ರೇಡಾನ್. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಿಂದ ಮನೆಯೊಳಗೆ ಬರುತ್ತದೆ. ಉಸಿರಿನಲ್ಲಿ ಒಳಗೆ ಹೋದ ರೇಡಾನ್ ಬಹುಪಾಲು ಹಾಗೇ ಹೊರಗೆ ಬಂದುಬಿಡುತ್ತದೆ. ತೊಂದರೆ ಕೊಡುವುದು ಅದು ಒಡೆದಾಗ ಹುಟ್ಟುವ ಪೊಲೋನಿಯಂ. ಅದು ಧೂಳಿಗೆ, ಹೊಗೆಗೆ ಅಂಟಿಕೊಂಡು ಶ್ವಾಸನಾಳದ ಗೋಡೆಯಲ್ಲಿ ಕೂರುತ್ತದೆ. ಅಲ್ಲಿಂದ ಹೊರಡುವ ಆಲ್ಫಾ ಕಣ ಹೆಚ್ಚುಕಮ್ಮಿ ಒಂದು ಕೂದಲೆಳೆಯ ದಪ್ಪದಷ್ಟೇ ದೂರ ಹೋಗುತ್ತದೆ. ಆದರೆ ಅಷ್ಟರಲ್ಲಿ ಸಿಕ್ಕ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸಬಲ್ಲದು. ಜೀವಕೋಶ ಅದನ್ನು ಕೂಡಿಸಲು ಹೋಗಿ ಕೆಲವೊಮ್ಮೆ ತಪ್ಪಾಗಿ ಕೂಡಿಸುತ್ತದೆ. ಒಂದು ತುಂಡು ಬಿಟ್ಟೇ ಹೋಗುತ್ತದೆ.

ಹಾಗಾದರೆ ಅಮ್ಮನ ಜೀನ್‌ನಲ್ಲಿ ಬಿಟ್ಟುಹೋದ ತುಂಡು ರೇಡಾನ್ ಮಾಡಿದ್ದೇ? ವಿಜ್ಞಾನಿಗಳು ಈ ಪ್ರಶ್ನೆಯ ಹಿಂದೆ ಬಹಳ ಓಡಾಡಿದ್ದಾರೆ. ಅಮೆರಿಕದ ಕೊಲರಾಡೊ ಸೀಮೆಯ ಯುರೇನಿಯಂ ಗಣಿ ಕಾರ್ಮಿಕರ ಗಡ್ಡೆಗಳಲ್ಲಿ ಟಿಪಿ53 ಎಂಬ ಜೀನ್‌ನ 249ನೇ ಜಾಗದಲ್ಲಿ ಒಂದೇ ಬಗೆಯ ಬದಲಾವಣೆ ಮತ್ತೆಮತ್ತೆ ಕಂಡಿತ್ತು. 1994ರಲ್ಲಿ ಅದು ಪ್ರಕಟವಾದಾಗ ‘ಇದೇ ರೇಡಾನ್ ಬಿಟ್ಟುಹೋದ ಗುರುತು’ ಎಂದು ಹಲವರು ನಂಬಿದರು. ಬೇರೆ ಕಡೆಯ ಗಣಿ ಕಾರ್ಮಿಕರಲ್ಲಿ ಹುಡುಕಿದರೆ ಅದು ಸಿಗಲಿಲ್ಲ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು ಸ್ಪೇನಿನ ಗಲೀಷಿಯಾ. ಅದೂ ನಿಮ್ಮೂರಿನ ಹಾಗೆ ಗ್ರಾನೈಟ್ ಸೀಮೆ. ಅಲ್ಲಿ ಎಂದೂ ಹೊಗೆ ಸೇದದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮನೆಗಳಲ್ಲಿ ರೇಡಾನ್ ಅಳೆದರು. ಎಕ್ಸಾನ್ 19 ಡಿಲೀಷನ್ ಇದ್ದವರ ಮನೆಯಲ್ಲಿ, ಎಕ್ಸಾನ್ 21 ಬದಲಾವಣೆ ಇದ್ದವರ ಮನೆಗಿಂತ ರೇಡಾನ್ ಜಾಸ್ತಿ ಕಂಡಿತು. ಆದರೆ ರೋಗಿಗಳ ಸಂಖ್ಯೆ ಸಣ್ಣದು. ಆ ವ್ಯತ್ಯಾಸ ಕಾಕತಾಳೀಯವೂ ಆಗಿರಬಹುದಾದ ಅಂಚಿನಲ್ಲೇ ನಿಂತಿತು. ಅಷ್ಟನ್ನೇ ಹಿಡಿದುಕೊಂಡು ನಿಮ್ಮ ಅಮ್ಮನ ಗಡ್ಡೆಗೆ ಮನೆಯ ಕಲ್ಲೇ ಕಾರಣ ಎಂದು ನಾನು ಹೇಳಲಾರೆ. ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನಂಬಬೇಡಿ.

ಹುಟ್ಟಿನಿಂದ ಬರುವ ಜೀನ್‌ಗಳದ್ದು ಬೇರೆ ಕಥೆ. ವಿಷವಸ್ತುಗಳನ್ನು ಹೊರಹಾಕಲು ನೆರವಾಗುವ ಜಿಎಸ್‌ಟಿಎಂ1 ಎಂಬ ಜೀನ್ ಇದೆ. ಯುರೋಪಿನ ಮೂಲದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದು ಇರುವುದೇ ಇಲ್ಲ. ಆರಾಮಾಗಿಯೇ ಬದುಕುತ್ತಾರೆ. ಈ ಜೀನ್ ಇಲ್ಲದವರಿಗೆ ರೇಡಾನ್ ಹೆಚ್ಚು ಕಾಟ ಕೊಡಬಹುದು ಎಂದು 2006ರಲ್ಲಿ ಅಮೆರಿಕದ ಮಹಿಳೆಯರ ಮೇಲಿನ ಒಂದು ಅಧ್ಯಯನ ಹೇಳಿತು. ಸಂಶೋಧನೆಗೆ ಒಳ್ಳೇ ಎಳೆ. ಆದರೆ ಟೆಸ್ಟ್ ಮಾಡಿಸಿ ನೀವು ಏನು ಮಾಡುತ್ತೀರಿ? ಜೀನ್ ಇದ್ದರೂ ಇಲ್ಲದಿದ್ದರೂ ನಾನು ಹೇಳುವ ಸಲಹೆ ಒಂದೇ. ಸುಮ್ನೆ ಸಾವಿರಾರು ರೂಪಾಯಿ ಕಳೆಯಬೇಡಿ.

ಮನೆ ಬಿಡುವುದೂ ಬೇಡ, ಅಳೆಸಿ. ಚಿತ್ರದುರ್ಗ ಎಂದರೆ ಬರೀ ಗ್ರಾನೈಟ್ ಅಲ್ಲ. ಇಂಗಳದಾಳದಲ್ಲಿ ತಾಮ್ರ ಸಿಕ್ಕಿದ ಕಲ್ಲಿನ ಪಟ್ಟಿಯೇ ಬೇರೆ. ನೆಲ, ಬಿರುಕು, ಕಿಟಕಿಗಳ ಮೇಲೆ ಅಕ್ಕಪಕ್ಕದ ಮನೆಗಳಲ್ಲೂ ರೇಡಾನ್ ಲೆಕ್ಕ ಬೇರೆಯಾಗುತ್ತದೆ. ಅಳೆಯಲು ಒಂದು ಪುಟ್ಟ ಡಬ್ಬಿ ಸಾಕು, ಒಳಗೆ ಎಲ್‌ಆರ್-115 ಎಂಬ ಫಿಲ್ಮಿನ ಚೂರು. ಮಲಗುವ ಕೋಣೆಯಲ್ಲಿ ಮೂರು ತಿಂಗಳು ತೂಗುಹಾಕಬೇಕು. ಆಲ್ಫಾ ಕಣ ಬಡಿದಲ್ಲೆಲ್ಲ ಫಿಲ್ಮಿಗೆ ಕಣ್ಣಿಗೆ ಕಾಣದ ಗಾಯ ಆಗುತ್ತದೆ. ಆಮೇಲೆ ಬೆಚ್ಚಗಿನ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿದರೆ ಆ ಗಾಯ ತೂತಾಗುತ್ತದೆ. ಅವನ್ನು ಎಣಿಸುತ್ತಾರೆ. ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳ ಭೌತಶಾಸ್ತ್ರದವರು ರೇಡಾನ್ ಅಳತೆಯಲ್ಲಿ ವರ್ಷಗಳಿಂದ ತೊಡಗಿದ್ದಾರೆ, ಅಲ್ಲಿ ವಿಚಾರಿಸಿ ನೋಡಿ.

ರೇಡಾನ್ ಘನ ಮೀಟರ್ ಗಾಳಿಗೆ 100 ಬೆಕ್ವೆರೆಲ್‌ಗಿಂತ (ಬೆಕ್ವೆರೆಲ್ ಎಂದರೆ ವಿಕಿರಣ ಅಳೆಯುವ ಮಾನ) ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಸಾಧ್ಯವಾಗದ ಕಡೆ 300 ದಾಟಬಾರದು. ಜಾಸ್ತಿ ಬಂದರೆ ನೆಲದ ಬಿರುಕು ಮುಚ್ಚಿಸಿ, ಎದುರುಬದುರು ಗಾಳಿಗೆ ಇನ್ನೊಂದು ಕಿಟಕಿ ಇಡಿಸಿ. ಎರಡೇ ಕಿಟಕಿ ಎಂದಿರಲ್ವಾ, ಹೇಗಿದ್ದರೂ ಅದು ಬೇಕು. ಅಡುಗೆ ಸೌದೆ ಒಲೆಯಲ್ಲಾದರೆ ಹೊಗೆಯೂ ಆ ದಾರಿಯಲ್ಲೇ ಹೋಗುತ್ತದೆ. ಆ ಹೊಗೆಯೂ ಕ್ಯಾನ್ಸರಿಗೆ ಒಂದು ಕಾರಣವೇ.

ಮನೆಯಲ್ಲಿ ಯಾರಾದರೂ ಸೇದುವವರಿದ್ದರೆ ಈ ಲೆಕ್ಕ ನೋಡಲಿ. ಇದು ಯುರೋಪಿನ 13 ಅಧ್ಯಯನ ಸೇರಿಸಿ 2005ರಲ್ಲಿ ಹಾಕಿದ್ದು. ಎಂದೂ ಸೇದದ 1000 ಜನರಲ್ಲಿ, ರೇಡಾನ್ ಇಲ್ಲವೇ ಇಲ್ಲ ಎಂದುಕೊಂಡರೆ, 75 ವರ್ಷದೊಳಗೆ ಶ್ವಾಸಕೋಶದ ಕ್ಯಾನ್ಸರ್ ಬರುವುದು ಸುಮಾರು 4 ಜನರಿಗೆ. ರೇಡಾನ್ 400 ಬೆಕ್ವೆರೆಲ್ ಇದ್ದರೆ 7 ಜನರಿಗೆ. ಸೇದುವ 1000 ಜನರಲ್ಲಾದರೆ 100 ಜನರಿಗೆ ಇದ್ದದ್ದು 160 ಜನರಿಗೆ ಆಗುತ್ತದೆ.

ಪ್ರಶ್ನೆ: ದಾವಣಗೆರೆಯಲ್ಲಿ ಹೊಸ ಮನೆ ಕಟ್ಟಿದ್ದೇವೆ. ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ನೀರಿಗೆ ಬೋರ್‌ವೆಲ್. ರೇಡಾನ್ ಭಯ ಇದೆಯಾ?

ಉತ್ತರ: ಕಟ್ಟೆಯಿಂದ ಬರುವುದು ಅಲ್ಪ. ಮನೆಯೊಳಗಿನ ರೇಡಾನ್‌ಗೆ ಮುಖ್ಯ ಮೂಲ ಕೆಳಗಿನ ನೆಲವೇ. ಆಳದ ಬೋರ್ ನೀರಿನಲ್ಲಿ ರೇಡಾನ್ ಕರಗಿರಬಹುದು. ನೀರು ಧಾರೆಯಾಗಿ ಮೇಲಿನ ಟ್ಯಾಂಕಿಗೆ ಬೀಳುವಾಗ ಒಂದಿಷ್ಟು ಹಾರಿಹೋಗುತ್ತದೆ. ಉಳಿದದ್ದೂ 3.8 ದಿನಕ್ಕೆ ಅರ್ಧವಾಗುತ್ತದೆ. ಬಚ್ಚಲಿಗೆ ಗವಾಕ್ಷಿ ಇರಲಿ. ಮಂಡಕ್ಕಿ ಭಟ್ಟಿ ಕಡೆ ನಿಮ್ಮ ಮನೆಯಿದ್ದರೆ ನಾನು ರೇಡಾನ್‌ಗಿಂತ ಮೊದಲು ಆ ಹೊಗೆಯ ಬಗ್ಗೆ ಕೇಳುತ್ತೇನೆ.

ಇಬ್ಬರಿಗೂ ಇನ್ನೊಂದು ಮಾತು. ನಮ್ಮ ಕಡೆ ಕೆಮ್ಮು, ಕಫದಲ್ಲಿ ರಕ್ತ ಎಂದ ಕೂಡಲೇ ಟಿಬಿ ಎಂದುಕೊಳ್ಳುತ್ತೇವೆ. ಬಹಳ ಸಲ ಅದು ಸರಿಯೇ. ಆದರೆ ಕಫದಲ್ಲಿ ಟಿಬಿ ಸಿಗದೆ ಬರೀ ಎಕ್ಸ್‌ರೇ ನೋಡಿ ಮಾತ್ರೆ ಶುರು ಮಾಡಿದ್ದು, ತಿಂಗಳೆರಡಾದರೂ ಕಡಿಮೆಯಾಗದಿದ್ದರೆ ಕಾಯಬೇಡಿ. ‘ಎಂದೂ ಸೇದಿಲ್ಲ, ಕ್ಯಾನ್ಸರ್ ಹೇಗೆ ಬರುತ್ತೆ’ ಎಂದು ಸುಮ್ಮನಿರಬೇಡಿ. ಸಿಟಿ ಸ್ಕ್ಯಾನ್ ಬೇಕಾ ಎಂದು ನೀವೇ ಬಾಯಿ ಬಿಟ್ಟು ಕೇಳಿ.