ಕಪಾಟಿನಲ್ಲಿ ಮಾಲಿದೆ, ಕಂಪ್ಯೂಟರಿನಲ್ಲಿ ಮೈನಸ್

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಹಳೆಯ ಮೆಡಿಕಲ್ ಶಾಪ್. ಕೈಬಿಲ್ ಬಿಟ್ಟು ಸಾಫ್ಟ್‌ವೇರ್ ಹಾಕಿಸಿದ ಮೇಲೆ ಎಷ್ಟೋ ಔಷಧಿಗಳ ಸ್ಟಾಕ್ ಮೈನಸ್ ತೋರಿಸುತ್ತಿದೆ. ತಪ್ಪು ಎಲ್ಲಿ? ಎಚ್1 ಪಟ್ಟಿಯ ಔಷಧಿಗಳ ಮಾರಾಟವನ್ನು ಪ್ರತ್ಯೇಕವಾಗಿ ಬರೆದಿಡುವ ಎಚ್1 ರಿಜಿಸ್ಟರ್ ತಾನಾಗಿಯೇ ತಯಾರಾಗುವುದೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಐಟಂ ಮಾಸ್ಟರ್‌ನಲ್ಲಿ (ಸಾಫ್ಟ್‌ವೇರಿನ ಔಷಧಿ ಪಟ್ಟಿ) ಪ್ಯಾಕಿಂಗ್, ಅಂದರೆ ಸ್ಟ್ರಿಪ್ಪಿಗೆ ಎಷ್ಟು ಮಾತ್ರೆ ಎಂದಿದೆ, ನೋಡಿ. ಡಿಸ್ಟ್ರಿಬ್ಯೂಟರ್ ಬಿಲ್ಲು ಸ್ಟ್ರಿಪ್ ಲೆಕ್ಕದಲ್ಲಿ ಬರುತ್ತದೆ, ಕೌಂಟರಿನಲ್ಲಿ ಬಿಡಿ ಮಾತ್ರೆ ಹೋಗುತ್ತದೆ. 15 ಮಾತ್ರೆಯ ಸ್ಟ್ರಿಪ್ಪಿಗೆ ಪ್ಯಾಕ್ 1 ಎಂದಿದ್ದರೆ, ಬಂದ 10 ಸ್ಟ್ರಿಪ್ ಬರೀ 10 ಮಾತ್ರೆಯಾಗಿ ಜಮೆಯಾಗುತ್ತದೆ. 12 ಮಾತ್ರೆ ಮಾರಿದರೆ ಮೈನಸ್ 2. ಕಪಾಟಿನಲ್ಲಿ ಮಾತ್ರ 138 ಇರುತ್ತದೆ. ಕಂಪನಿ ಪ್ಯಾಕನ್ನು 10ರಿಂದ 15ಕ್ಕೆ ಏರಿಸಿದರೆ ಹಳೆಯ ಐಟಂ ತಿದ್ದಬೇಡಿ, ಹೊಸದು ಮಾಡಿ. ಇಲ್ಲದಿದ್ದರೆ ಹಳೆ ಬ್ಯಾಚುಗಳ ಲೆಕ್ಕವೂ ಕೆಡುತ್ತದೆ.

ಎರಡನೆಯ ಶಂಕೆ ಜೋಡಿ ಐಟಂಗಳದು. ಡಿಸ್ಟ್ರಿಬ್ಯೂಟರ್ ಕಳಿಸಿದ ಫೈಲಿನಿಂದ ಖರೀದಿ ಏರಿಸುವಾಗ ಹೆಸರಿನ ಒಂದು ಅಕ್ಷರ, ಒಂದು ಚುಕ್ಕೆ ಬೇರೆಯಿದ್ದರೂ ಎಷ್ಟೋ ಸಾಫ್ಟ್‌ವೇರ್‌ಗಳು ಹೊಸ ಐಟಂ ಹುಟ್ಟಿಸುತ್ತವೆ. ಖರೀದಿ ಒಂದರಲ್ಲಿ, ಮಾರಾಟ ಇನ್ನೊಂದರಲ್ಲಿ! ಅಂಥವನ್ನು ಹುಡುಕಿ ಒಂದುಗೂಡಿಸಿ.

ಒಟ್ಟು ಸ್ಟಾಕ್ ಸರಿಯಿದ್ದೂ ಒಂದು ಬ್ಯಾಚ್ ಮಾತ್ರ ಮೈನಸ್ ಆಗುವುದು ಬೇರೆ ಕಥೆ. ಬಿಲ್ಲಿನಲ್ಲಿ ಮೊದಲು ಎಕ್ಸ್‌ಪೈರಿ ಆಗುವ ಬ್ಯಾಚ್ ಬರುತ್ತದೆ, ಹುಡುಗ ಕೊಡುವುದು ಕೈಗೆ ಸಿಕ್ಕ ಸ್ಟ್ರಿಪ್. ಹತ್ತಿರದ ಎಕ್ಸ್‌ಪೈರಿಯದು ಮುಂದಿರುವಂತೆ ಕಪಾಟು ಜೋಡಿಸಿ. 10+1 ಸ್ಕೀಮಿನಲ್ಲಿ (ಹತ್ತು ಕೊಂಡರೆ ಒಂದು ಉಚಿತ) ಬಂದ ಆ ಒಂದನ್ನು ಖರೀದಿ ನಮೂದಿನ ಫ್ರೀ ಕಾಲಮ್ಮಿನಲ್ಲೇ ಹಾಕಿ. ಬಿಟ್ಟರೆ ಕಂಪ್ಯೂಟರಿನ ಲೆಕ್ಕಕ್ಕಿಂತ ಕಪಾಟಿನಲ್ಲಿ ಮಾಲು ಹೆಚ್ಚು ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಮಾಸ್ಟರ್‌ನಲ್ಲಿ ಹಳೆ ದರ ಉಳಿದಿದೆಯೇ ಎಂದು ಅದನ್ನೂ ಒಮ್ಮೆ ನೋಡಿಬಿಡಿ.

ಸರಿಪಡಿಸಲು ಇಡೀ ಸ್ಟಾಕನ್ನು ಸೊನ್ನೆ ಮಾಡುವ ಆಸೆ ಬೇಡ. ಬ್ಯಾಕಪ್ ತೆಗೆದು, ಅಂಗಡಿ ಮುಚ್ಚಿದ ಮೇಲೆ ದಿನಕ್ಕೊಂದು ರ‍್ಯಾಕ್ ಎಣಿಸಿ. ಬ್ಯಾಚ್, ಎಕ್ಸ್‌ಪೈರಿ, ಬಿಡಿ ಮಾತ್ರೆ ಸಮೇತ ನಮೂದಿಸಿ.

ಎಚ್1: ಐಟಂಗೆ ಎಚ್1 ಗುರುತು ಹಾಕಿದ್ದರಷ್ಟೇ ರಿಜಿಸ್ಟರ್ ತಯಾರಾಗುತ್ತದೆ. ವೈದ್ಯರ ಹೆಸರು–ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಇಷ್ಟೂ ಇರಬೇಕು. ದಾಖಲೆ 3 ವರ್ಷ ಉಳಿಯಬೇಕು. ಅವಸರದಲ್ಲಿ ವೈದ್ಯರ ಜಾಗದಲ್ಲಿ ‘ಸೆಲ್ಫ್’ ಎಂದು ಒತ್ತುವ ಚಾಳಿ ಎಲ್ಲೆಡೆ ಇದೆ. ತಪಾಸಣೆಯಲ್ಲಿ ಅಂಥ ರಿಜಿಸ್ಟರ್ ನಿಲ್ಲುವುದಿಲ್ಲ. ಆ ಕಾಲಮ್ಮು ತುಂಬದೆ ಬಿಲ್ ಮುಂದೆ ಹೋಗದಂತೆ ಸೆಟ್ಟಿಂಗ್ ಮಾಡಿಸಿ.

ಪ್ರಶ್ನೆ: ಸ್ಟ್ರಿಪ್ಪಿನ ಕ್ಯೂಆರ್ ಸ್ಕ್ಯಾನ್ ಮಾಡಿ ಬಿಲ್ ಮಾಡಬಹುದೇ?
– ಓದುಗರು, ತುಮಕೂರು

ಉತ್ತರ: ಎಲ್ಲದಕ್ಕೂ ಆಗದು. 2023ರ ಆಗಸ್ಟ್ 1ರಿಂದ ತಯಾರಾದ ಮಾಲಿಗೆ, ಅದೂ 300 ಬ್ರ್ಯಾಂಡುಗಳಿಗೆ ಮಾತ್ರ ಬಾರ್‌ಕೋಡ್ ಅಥವಾ ಕ್ಯೂಆರ್ ಕಡ್ಡಾಯ. ಬ್ಯಾಚ್, ಎಕ್ಸ್‌ಪೈರಿ ಅದರಲ್ಲಿರಬೇಕೆಂಬ ನಿಯಮವಿದ್ದರೂ ನಿಮ್ಮ ಸಾಫ್ಟ್‌ವೇರ್ ಅದನ್ನು ಓದಿ ಬಿಲ್ಲಿಗೆ ಎಳೆದುಕೊಳ್ಳುತ್ತದೆಯೇ ಎಂಬುದು ಬೇರೆ ಮಾತು. ಸ್ಕ್ಯಾನರ್ ಕೊಳ್ಳುವ ಮೊದಲು ನಿಮ್ಮ ಅಂಗಡಿಯದೇ ನಾಲ್ಕಾರು ಸ್ಟ್ರಿಪ್ ಕೊಟ್ಟು ಮಾರುವವರಿಂದ ಬಿಲ್ ಮಾಡಿಸಿ ನೋಡಿ.