ಹೇಳಿ ಹೊರಡಿ, ಹೇಳಿದ ಹೊತ್ತಿಗೆ ಬನ್ನಿ

ನಾಲ್ಕು ವರ್ಷದ ಮಗ ಮೊಬೈಲ್ ತೋರಿಸದೆ ಊಟಕ್ಕೆ ಬಾಯಿ ತೆರೆಯುವುದಿಲ್ಲ, ಬೆಳಿಗ್ಗೆ ನೀವು ಕೆಲಸಕ್ಕೆ ಹೊರಟರೆ ರಂಪ ಮಾಡುತ್ತಾನೆ, ಅವನು ಆಟದಲ್ಲಿ ಮೈಮರೆತಾಗ ಕಣ್ಣು ತಪ್ಪಿಸಿ ಹೋಗಿಬಿಡು ಎಂದು ಅತ್ತೆಯವರು ಹೇಳುತ್ತಾರೆ, ಇಂಥ ಮಗುವನ್ನು ಆರೋಗ್ಯವಂತನಾಗಿ, ಧೈರ್ಯಸ್ಥನಾಗಿ ಬೆಳೆಸುವುದು ಹೇಗೆ ಎಂದು ಹಾಸನದಿಂದ ಕೇಳಿದ್ದೀರಿ. ಚಿಕ್ಕಮಗಳೂರು ಜಿಲ್ಲೆಯ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ, ಒಂದರಿಂದ ಮೂರನೆಯ ತರಗತಿಯ ಮಕ್ಕಳ ನಡುವೆ, ನನ್ನ ಸೇವೆಯ ಬಹುಪಾಲು ಕಳೆದಿದೆ. ಆ ಅನುಭವದಿಂದ ಹೇಳುವುದಾದರೆ, ನೀವು ಮೊದಲು ಕೈ ಹಾಕಬೇಕಾದದ್ದು ಬೆಳಿಗ್ಗೆ ಹೊರಡುವ ರೀತಿಗೆ. ಊಟದ ವಿಚಾರ ಆಮೇಲೆ.

ಮಗು ಅಳುವುದನ್ನು ನೋಡಲಾರದೆ ಅತ್ತೆಯವರು ಹಾಗೆ ಹೇಳುತ್ತಾರೆ, ಅದರಲ್ಲಿ ಮಮತೆಯೇ ಇದೆ. ಆದರೆ ಆಡುತ್ತಿದ್ದ ಮಗು ತಲೆಯೆತ್ತಿ ನೋಡಿದಾಗ ಅಮ್ಮ ಇಲ್ಲವೆಂದರೆ, ಅಮ್ಮ ಯಾವ ಗಳಿಗೆಯಲ್ಲಾದರೂ ಇಲ್ಲವಾಗಬಹುದು ಎಂಬ ಅಂಜಿಕೆ ಅದರೊಳಗೆ ಕೂರುತ್ತದೆ, ಮಾರನೆಯ ದಿನದಿಂದ ಆಟ ಬಿಟ್ಟು ಸೆರಗು ಹಿಡಿದೇ ತಿರುಗುತ್ತದೆ. ಕಾಫಿ ತೋಟದ ಕೂಲಿಕಾರರು ಇರುವ ಲೈನ್ ಮನೆಯಿಂದ ಒಂದನೆಯ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗಿ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದಳು, ಚೀಲವನ್ನು ಹೆಗಲಿನಿಂದ ಇಳಿಸುತ್ತಲೇ ಇರಲಿಲ್ಲ, ಬಿಸಿಯೂಟಕ್ಕೂ ಚೀಲ ಹೊತ್ತೇ ಬರುತ್ತಿದ್ದಳು. ತಾಯಿ ದಿನವೂ ಅವಳಿಗೆ ಗೊತ್ತಾಗದಂತೆ ಹೊರಟುಬಿಡುತ್ತಿದ್ದರು. ಹಾಗೆ ಮಾಡದೆ, ಮಗಳ ಎದುರು ಕುಳಿತು, "ತೋಟಕ್ಕೆ ಹೋಗ್ತಿದ್ದೀನಿ, ಸಂಜೆ ಬೆಲ್ ಹೊಡೆದಾಗ ಗೇಟಿನ ಹತ್ತಿರ ಇರ್ತೀನಿ" ಎಂದು ಹೇಳಿ ಹೋಗುವಂತೆ ತಿಳಿಸಿದೆವು. ಮೊದಲು ಅಳು ಜೋರಾಯಿತು. ಆದರೆ ತಾಯಿ ಮಾತು ತಪ್ಪಲಿಲ್ಲ. ದಿನ ಕಳೆದಂತೆ ಚೀಲ ಹೆಗಲಿನಿಂದ ಇಳಿದು ಗೋಡೆಯ ಮೊಳೆಗೆ ಬಂತು.

ನೀವೂ ಹಾಗೆಯೇ ಮಾಡಿ. ಮಗನಿಗೆ ಗಡಿಯಾರ ತಿಳಿಯದು, ಆದ್ದರಿಂದ "ಅಜ್ಜಿ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಬರ್ತೀನಿ" ಎಂಬಂತೆ ಅವನು ಕಂಡಿರುವ ಕೆಲಸದ ಗುರುತಿನಿಂದಲೇ ಹೇಳಿ. ಒಮ್ಮೆ ತಬ್ಬಿಕೊಂಡು ಹೊರಡಿ; ಅತ್ತನೆಂದು ಅರ್ಧ ದಾರಿಯಿಂದ ಹಿಂದಿರುಗಬೇಡಿ. ಅವನ ಅಳುವನ್ನು ಪುಕ್ಕಲುತನವೆಂದು ತಿಳಿಯಬೇಡಿ. ಮನೋವಿಜ್ಞಾನಿ ಮೇರಿ ಏನ್ಸ್‌ವರ್ತ್ ಅವರು ತಾಯಿ ಸ್ವಲ್ಪ ಹೊತ್ತು ಕೋಣೆಯಿಂದ ಹೊರಹೋಗಿ ಮರಳಿದಾಗ ಪುಟ್ಟ ಮಕ್ಕಳು ಹೇಗಿರುತ್ತಾರೆಂದು ಗಮನಿಸಿದ್ದರು. ತಾಯಿಯ ಮೇಲೆ ಭದ್ರವಾದ ನಂಬಿಕೆ ಇದ್ದ ಮಕ್ಕಳಲ್ಲೂ ಹಲವರು ಆಕೆ ಹೋದಾಗ ಅಳುತ್ತಿದ್ದರು, ಆಕೆ ಬಂದು ಎತ್ತಿಕೊಂಡೊಡನೆ ಸಮಾಧಾನಗೊಂಡು ಆಟಕ್ಕೆ ಮರಳುತ್ತಿದ್ದರು. ಹಾಗಾಗಿ ಸಂಜೆ ಮನೆಗೆ ಬಂದ ಮೊದಲ ಹತ್ತು ಹದಿನೈದು ನಿಮಿಷ ಅಡುಗೆಮನೆಗೆ ಹೋಗದೆ ಅವನ ಜೊತೆ ನೆಲದ ಮೇಲೆ ಕೂರುವುದು ಬಹಳ ಮುಖ್ಯ.

ಇನ್ನು ಊಟ. ಏನು ಬಡಿಸಬೇಕು, ಎಷ್ಟು ಹೊತ್ತಿಗೆ ಬಡಿಸಬೇಕು ಎಂಬುದು ನಿಮ್ಮ ತೀರ್ಮಾನ; ಎಷ್ಟು ತಿನ್ನಬೇಕು ಎಂಬುದನ್ನು ಅವನ ಹೊಟ್ಟೆಗೆ ಬಿಡಿ. ಮೊಬೈಲ್ ನೋಡುತ್ತಾ ತಿನ್ನುವ ಮಗುವಿಗೆ ಹಸಿವೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುತ್ತಿದ್ದರೆ ಅದನ್ನು ಕಡಿಮೆ ಮಾಡಿ, ಊಟಕ್ಕೆ ಮೊದಲು ಬಿಸ್ಕತ್ತು ಕೊಡುವುದನ್ನು ನಿಲ್ಲಿಸಿ. ಅರ್ಧ ಹಠ ಅಲ್ಲೇ ಕರಗಬಹುದು. ನಮ್ಮ ಎರಡೂ ಜಿಲ್ಲೆಗಳ ಮನೆಗಳಲ್ಲಿ ಪೌಷ್ಟಿಕ ಆಹಾರಕ್ಕೆ ಡಬ್ಬದ ಪುಡಿ ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಂಗೈಯಷ್ಟು ಸಣ್ಣ ಮುದ್ದೆ, ತುಪ್ಪ, ಹುರುಳಿ ಸಾರು ಅಥವಾ ನಿಂಬೆರಸ ಹಿಂಡಿದ ಸೊಪ್ಪಿನ ಪಲ್ಯ, ಒಂದು ಮೊಟ್ಟೆ ಸಾಕು. ನಿಂಬೆಯ ಹುಳಿಯಿಂದ ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಚೆನ್ನಾಗಿ ಮೈಗೂಡುತ್ತದೆ. ಕಾಫಿ ಬೆಳೆಯುವ ಸೀಮೆಯಲ್ಲಿ ಮಕ್ಕಳಿಗೂ ಲೋಟದ ತಳದಲ್ಲಿ ಒಂದಿಷ್ಟು ಕಾಫಿ ಕೊಡುವ ರೂಢಿಯಿದೆ. ದಯವಿಟ್ಟು ಕೊಡಬೇಡಿ, ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ನಿದ್ದೆಯನ್ನೂ ಕೆಡಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ 3 ಮತ್ತು 4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಮತ್ತು ಕನಿಷ್ಠ 180 ನಿಮಿಷ ಓಡಾಟ ಬೇಕು, ಪರದೆಯ ಮುಂದೆ ಕೂರುವುದು 1 ಗಂಟೆ ಮೀರಬಾರದು. ನಿಮ್ಮ ಹಾಸನದ ಮಹಾರಾಜ ಪಾರ್ಕಿಗೆ ಕರೆದೊಯ್ಯಲು ದಿನವೂ ಬಿಡುವಾಗದಿದ್ದರೆ ತಾರಸಿಯ ಮೇಲೆ ಚೆಂಡಾಟವಾದರೂ ನಡೆಯಲಿ. ಮಳೆಗಾಲದಲ್ಲೂ ರೈನ್‌ಕೋಟ್ ಹಾಕಿ ಹೊರಗೆ ಬಿಡಿ. ಶೀತ ಬರುವುದು ವೈರಾಣುವಿನಿಂದ, ನಾಲ್ಕು ಹನಿ ಮಳೆಯಿಂದಲ್ಲ.

ಊಟ ಮಾಡಿಸಲು ಗುಮ್ಮ, ಪೊಲೀಸ್, ಇಂಜೆಕ್ಷನ್ ಎಂದು ಹೆದರಿಸುವುದನ್ನು ಮನೆಯವರೆಲ್ಲರೂ ಬಿಡಬೇಕು. ಹೊಡೆಯುವುದಂತೂ ಬೇಡವೇ ಬೇಡ.

ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಲು ಹೋಗಬೇಡಿ. ಬೆಳಗಿನ ಅಳು ತಗ್ಗಿದ ಮೇಲೆ ಮೊದಲು ರಾತ್ರಿ ಊಟದಿಂದ ಮೊಬೈಲ್ ತೆಗೆಯಿರಿ, ಆಗ ಮನೆಯವರೆಲ್ಲರ ಮೊಬೈಲೂ ದೂರವಿರಲಿ. ಈ ನಡುವೆ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಮಾಡಿಸಿ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ. ಕೆಲವು ತಿಂಗಳು ಕಳೆದರೂ ತೂಕ ಏರದಿದ್ದರೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದ್ದರೆ ಅಥವಾ ಮಣ್ಣು, ಸುಣ್ಣ ತಿನ್ನುತ್ತಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ, ರಕ್ತಹೀನತೆಯ ಪರೀಕ್ಷೆ ಮಾಡಿಸಿ.