ಪಂಕ್ ಫ್ಯಾನ್‌ಜೀನ್‌ಗಳ ಆ ಓರೆಕೋರೆ ಪುಟಗಳು: ಬಡತನವೋ, ಬೇಕೆಂದೇ ಮಾಡಿದ್ದೋ?

ನಿಮ್ಮ ಪ್ರಶ್ನೆ ಹೀಗಿದೆ: “ಪಂಕ್ ಸಂಗೀತದ ಅಭಿಮಾನಿಗಳು ಮನೆಯಲ್ಲೇ ಮಾಡುತ್ತಿದ್ದ ಪತ್ರಿಕೆಗಳ, ಅಂದರೆ ಫ್ಯಾನ್‌ಜೀನ್‌ಗಳ, ಚಿತ್ರಗಳನ್ನು ನೋಡಿದೆ. ಸೊಟ್ಟ ಸಾಲುಗಳು, ಹೊಡೆದುಹಾಕಿದ ಅಕ್ಷರಗಳು, ಮಸಿ ಚೆಲ್ಲಿದಂತಹ ಫೋಟೊಗಳು. ಅವರಿಗೆ ಬೇರೆ ದಾರಿ ಇರಲಿಲ್ಲವೇ, ಅಥವಾ ಬೇಕೆಂದೇ ಹಾಗೆ ಮಾಡುತ್ತಿದ್ದರೇ? ಇಂಥವನ್ನು ಗ್ರಂಥಾಲಯಗಳು ಏಕೆ ಕಾಪಾಡಿ ಇಡುತ್ತವೆ?”

ಪಂಕ್ ಎಂದರೆ 1970ರ ದಶಕದ ನಡುವೆ ಹುಟ್ಟಿದ ವೇಗದ, ಒರಟು ರಾಕ್ ಸಂಗೀತ. ಅದರಲ್ಲಿ ನಾನು ಪಂಡಿತನಲ್ಲ. ಮುದ್ರಣಾಲಯದಲ್ಲಿ ಪುಟ ಕಟ್ಟುವ ಕೆಲಸ ಮಾಡಿದವನು. ಅಂಚು ಕೂದಲೆಳೆಯಷ್ಟು ತಪ್ಪಿದರೂ ಬೈಸಿಕೊಳ್ಳುವ ವೃತ್ತಿ ನಮ್ಮದು. ಹಾಗಾಗಿ ಹಾಡುಗಳಿಗಿಂತ ಮೊದಲು ಈ ಪುಟಗಳೇ ನನ್ನನ್ನು ಹಿಡಿದು ನಿಲ್ಲಿಸಿದವು. ನನ್ನ ಉತ್ತರವೂ ಅಚ್ಚಿನವನ ಉತ್ತರವೇ. ಮೊದಮೊದಲು ಬೇರೆ ದಾರಿ ಇರಲಿಲ್ಲ. ಆಮೇಲೆ ಆ ದಾರಿಯೇ ಇಷ್ಟವಾಯಿತು. ಕೊನೆಗೆ ಅದೇ ಒಂದು ವೇಷವಾಯಿತು. ಇಷ್ಟೆಲ್ಲ ನಡೆಯಲು ಎರಡು ವರ್ಷವೂ ಬೇಕಾಗಲಿಲ್ಲ.

ಅಭಿಮಾನಿಗಳ ಪತ್ರಿಕೆ ಎನ್ನುವುದು ಪಂಕ್‌ನವರು ಕಂಡುಹಿಡಿದದ್ದೇನಲ್ಲ. ಅಮೆರಿಕದ ವೈಜ್ಞಾನಿಕ ಕಥೆಗಳ ಓದುಗರು 1930ರ ದಶಕದಲ್ಲೇ ಇಂಥವನ್ನು ತಾವೇ ಅಚ್ಚು ಹಾಕಿ ಅಂಚೆಯಲ್ಲಿ ಹಂಚಿಕೊಳ್ಳುತ್ತಿದ್ದರು. ಆದರೆ ನೀವು ನೋಡಿದ ಆ ಚಹರೆ ಮೂಡಿದ್ದು 1976ರ ಲಂಡನ್ನಿನಲ್ಲಿ. ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ. ವಯಸ್ಸು ಇನ್ನೂ ಇಪ್ಪತ್ತು ದಾಟಿರಲಿಲ್ಲ. ಊರು ಲಂಡನ್ನಿನ ಆಗ್ನೇಯಕ್ಕಿರುವ ಡೆಪ್ಟ್‌ಫರ್ಡ್. ನ್ಯೂಯಾರ್ಕಿನ ರಮೋನ್ಸ್ ತಂಡದ ಮೊದಲ ರೆಕಾರ್ಡು ಆ ವರ್ಷದ ಏಪ್ರಿಲ್‌ನಲ್ಲಿ ಬಂದಿತ್ತು. ಜುಲೈ 4ರಂದು ಅವರು ಲಂಡನ್ನಿನಲ್ಲೇ ನುಡಿಸಿದರು. ಈ ಬಗೆಯ ಸಂಗೀತದ ಬಗ್ಗೆ ಬರೆಯುವ ಪತ್ರಿಕೆ ಯಾವುದಾದರೂ ಇದೆಯೇ ಎಂದು ಪೆರಿ ತಾನು ರೆಕಾರ್ಡು ಕೊಳ್ಳುತ್ತಿದ್ದ ರಾಕ್ ಆನ್ ಮಳಿಗೆಯಲ್ಲಿ ಕೇಳಿದ. ಇಲ್ಲ, ಬೇಕಿದ್ದರೆ ನೀನೇ ಮಾಡು ಎಂದು ಅವರು ತಮಾಷೆಗೆ ಹೇಳಿದರು. ಹುಡುಗ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಆ ಜುಲೈಯಲ್ಲೇ ‘ಸ್ನಿಫಿನ್ ಗ್ಲೂ’ ಹೊರಬಂತು. ಹೆಸರು ರಮೋನ್ಸ್ ಹಾಡೊಂದರಿಂದ ಎತ್ತಿಕೊಂಡದ್ದು. ಅಕ್ಷರಗಳು ಮಕ್ಕಳ ಟೈಪ್‌ರೈಟರಿನವು, ಶೀರ್ಷಿಕೆಗಳು ಸ್ಕೆಚ್ ಪೆನ್ನಿನವು. ನಕಲು ತೆಗೆದದ್ದು ಗೆಳತಿಯ ಕಚೇರಿಯ ಯಂತ್ರದಲ್ಲಿ, ಸುಮಾರು 50 ಪ್ರತಿ. ಹಾಳೆಗಳ ಮೂಲೆಗೆ ಒಂದು ಪಿನ್ನು. ಅಲ್ಲಿಗೆ ಪತ್ರಿಕೆ ಸಿದ್ಧ.

ಈ ಕಚೇರಿ ಯಂತ್ರದ ಸಂಗತಿ ಸಣ್ಣದಲ್ಲ. ಬೀದಿಗೊಂದು ಜೆರಾಕ್ಸ್ ಅಂಗಡಿ ಕಂಡ ನಮಗೆ ತಕ್ಷಣ ಹೊಳೆಯದು, ಆದರೆ ಆಗ ಆ ಯಂತ್ರ ಮುಖ್ಯವಾಗಿ ಕಚೇರಿಗಳ ಸ್ವತ್ತು. ಬ್ಯಾಂಕು, ವಕೀಲರ ಕಚೇರಿ, ಕಾಲೇಜಿನ ಕೊಠಡಿಗಳಲ್ಲಿ ಹೆಚ್ಚಾಗಿ ಕಾಣುತ್ತಿತ್ತು. ಹೀಗಾಗಿ ಎಷ್ಟೋ ಫ್ಯಾನ್‌ಜೀನ್‌ಗಳ ನಿಜವಾದ ಪ್ರಾಯೋಜಕರು, ತಮಗೆ ಗೊತ್ತೇ ಇಲ್ಲದಂತೆ ಕಾಗದ ಮತ್ತು ಟೋನರು ಒದಗಿಸಿದ ಮಾಲೀಕರು. ಊಟದ ಬಿಡುವಿನಲ್ಲಿ, ಮೇಲಧಿಕಾರಿ ಹೊರಟ ಮೇಲೆ, ಗಡಿಬಿಡಿಯಲ್ಲಿ ನಡೆಯುವ ಕೆಲಸ ಅದು. ಗಾಜಿನ ಮೇಲೆ ಹಾಳೆ ನೇರವಾಗಿ ಕೂತಿದೆಯೇ ಎಂದು ನೋಡಲು ಯಾರಿಗೆ ಪುರುಸೊತ್ತು? ನೀವು ಕಂಡ ಸೊಟ್ಟತನದಲ್ಲಿ ಅರ್ಧ ಪಾಲು ಈ ಅವಸರದ್ದು.

ಉಳಿದರ್ಧ ಯಂತ್ರದ್ದೇ ಗುಣ. ಫೋಟೊ ಎಂದರೆ ಕಪ್ಪು ಬಿಳುಪಿನ ನಡುವಿನ ಬೂದು ಛಾಯೆಗಳು. ಆ ಕಾಲದ ನಕಲು ಯಂತ್ರಕ್ಕೆ ಬೂದು ಹಿಡಿಸುತ್ತಿರಲಿಲ್ಲ. ತುಸು ಗಾಢವಾದದ್ದು ಕಪ್ಪಾಗುತ್ತಿತ್ತು, ತುಸು ತಿಳಿಯಾದದ್ದು ಮಾಯವಾಗುತ್ತಿತ್ತು. ವಾರಪತ್ರಿಕೆಯಿಂದ ಕತ್ತರಿಸಿದ ಚಿತ್ರದ ನಕಲು, ಆ ನಕಲಿನ ಇನ್ನೊಂದು ನಕಲು, ಹೀಗೆ ಮೂರನೆಯ ಸುತ್ತಿಗೆ ಗಾಯಕನ ಮುಖದಲ್ಲಿ ಕಣ್ಣಿನ ಗುಳಿ, ಮೂಗಿನ ನೆರಳು, ಗವಿಯಂತಹ ಬಾಯಿ ಇಷ್ಟೇ ಉಳಿಯುತ್ತಿದ್ದವು. ಅಂಟಿಸಿದ ಚೀಟಿಯ ಅಂಚಿನ ನೆರಳು ಕಪ್ಪು ಗೆರೆಯಾಗಿ ಮೂಡುತ್ತಿತ್ತು. ನಮ್ಮ ಮುದ್ರಣಾಲಯದಲ್ಲಾದರೆ ಆ ಗೆರೆಯನ್ನು ಬಿಳಿ ಬಳಿದು ಅಳಿಸಿಯೇ ಮುಂದಿನ ಮಾತು. ಅವರು ಅಳಿಸಲಿಲ್ಲ. ಕತ್ತರಿ ಎಲ್ಲಿ ಆಡಿತು, ಅಂಟು ಎಲ್ಲಿ ಬಿತ್ತು, ಯಾವ ಸಾಲು ಕೊನೆಯ ಗಳಿಗೆಯಲ್ಲಿ ಸೇರಿತು ಎಂಬುದೆಲ್ಲ ಓದುಗನ ಕಣ್ಣೆದುರೇ ಇರುತ್ತಿತ್ತು. ಚೈನ್‌ಸಾ ಎಂಬ ಫ್ಯಾನ್‌ಜೀನ್‌ನವನ ಟೈಪ್‌ರೈಟರಿನಲ್ಲಿ ‘ಎನ್’ ಕೀಲಿ ಮುರಿದುಹೋಗಿತ್ತು. ಪ್ರತಿ ಪುಟದಲ್ಲೂ ಆ ಅಕ್ಷರ ಬರಬೇಕಾದ ಕಡೆಯೆಲ್ಲ ಪೆನ್ನಿನಿಂದ ಬರೆದ. ಕೀಲಿ ರಿಪೇರಿಯಾಗುವವರೆಗೆ ಸಂಚಿಕೆ ಕಾಯಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ನಕಲು ಯಂತ್ರ ಸಿಗದವರು ಸೈಕ್ಲೋಸ್ಟೈಲ್ ಹಿಡಿದರು. ಶಾಲೆಯ ಪ್ರಶ್ನೆಪತ್ರಿಕೆ, ಕಾರ್ಮಿಕ ಸಂಘದ ಕರಪತ್ರಗಳಿಂದ ನಮ್ಮ ಹಿರಿಯರಿಗೂ ಗೊತ್ತಿದ್ದ ಯಂತ್ರ ಅದು. ರಿಬ್ಬನ್ ಸರಿಸಿ ಮೇಣದ ಹಾಳೆಯ ಮೇಲೆ ಟೈಪು ಮಾಡಬೇಕು. ಜೋರಾಗಿ ಕುಟ್ಟಿದರೆ ದುಂಡಕ್ಷರದ ಹೊಟ್ಟೆಯೇ ಕಿತ್ತುಬಂದು ಮಸಿಯ ಚುಕ್ಕೆಯಾಗುತ್ತದೆ. ನಡುವೆ ಒಂದು ಮಾತು. ಪೆರಿ ತನ್ನ ಹಾಳೆಗಳಿಗೆ ಪಿನ್ನು ಹಾಕುತ್ತಿದ್ದ ಅದೇ ತಿಂಗಳುಗಳಲ್ಲಿ ನಮ್ಮಲ್ಲಿ ತುರ್ತು ಪರಿಸ್ಥಿತಿ. ಕರ್ನಾಟಕದಲ್ಲೂ ಭೂಗತ ಕರಪತ್ರಗಳು ಇದೇ ಬಗೆಯ ಯಂತ್ರಗಳಲ್ಲಿ ತಯಾರಾಗುತ್ತಿದ್ದವು, ಸಿಕ್ಕಿಬಿದ್ದವರಿಗೆ ಜೈಲು. ಲಂಡನ್ನಿನ ಹುಡುಗರಿಗೆ ಕೆಲಸ ಹೋಗುವ ಭಯವೇ ದೊಡ್ಡದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರನ್ನು ಕಂಡರೆ ನನಗೆ ಕಿರಿಕಿರಿ.

ಈಗ ‘ಬೇಕೆಂದೇ’ ಎಂಬ ಪಕ್ಷಕ್ಕೆ ಬರುತ್ತೇನೆ, ಅಲ್ಲಿಯೂ ಸತ್ಯವಿದೆ. ಈ ಗುಂಪಿನಲ್ಲಿ ಕಲಾಶಾಲೆ ಕಂಡವರು, ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿದವರು ಇದ್ದರು. ಸೆಕ್ಸ್ ಪಿಸ್ಟಲ್ಸ್ ತಂಡದ ರೆಕಾರ್ಡುಗಳಿಗೆ ವಿನ್ಯಾಸ ಮಾಡಿದ ಜೇಮೀ ರೀಡ್, ಪಂಕ್ ಹುಟ್ಟುವ ಮೊದಲೇ, 1970ರಲ್ಲಿ, ಕ್ರಾಯ್ಡನ್‌ನಲ್ಲಿ ‘ಸಬರ್ಬನ್ ಪ್ರೆಸ್’ ಎಂಬ ಸಣ್ಣ ರಾಜಕೀಯ ಪತ್ರಿಕೆ ನಡೆಸಿದವರು. ಅಪಹರಣಕಾರರ ಬೆದರಿಕೆ ಪತ್ರದಂತೆ ಕತ್ತರಿಸಿ ಅಂಟಿಸಿದ ಅಕ್ಷರಗಳ ಹಿಂದೆ ಆ ಅನುಭವವಿತ್ತು. ‘ಲಂಡನ್ಸ್ ಔಟ್‌ರೇಜ್’ ಮಾಡಿದ ಜಾನ್ ಸ್ಯಾವೇಜ್ ಕೇಂಬ್ರಿಜ್‌ನಲ್ಲಿ ಓದಿ ವಕೀಲಿ ತರಬೇತಿಯಲ್ಲಿದ್ದವರು. ಅದರ ಎರಡನೆಯ ಸಂಚಿಕೆಯಲ್ಲಿ ಸಂಗೀತಗಾರರ ಬದಲು ಪಶ್ಚಿಮ ಲಂಡನ್ನಿನ ಪಾಳುಬಿದ್ದ ಬೀದಿಗಳ ಫೋಟೊಗಳು. ಅವರೇ ಕಲಾವಿದೆ ಲಿಂಡರ್ ಸ್ಟರ್ಲಿಂಗ್ ಜೊತೆ ಸೇರಿ 1978ರಲ್ಲಿ ತಂದ ‘ದಿ ಸೀಕ್ರೆಟ್ ಪಬ್ಲಿಕ್’ ಫ್ಯಾನ್‌ಜೀನಿನ ವೇಷ ತೊಟ್ಟ ಕಲಾಕೃತಿ ಎಂದರೂ ಸರಿಯೇ. ಹೆಣ್ಣಿನ ದೇಹ ಮತ್ತು ಅಡುಗೆಮನೆಯ ಸಾಮಾನುಗಳನ್ನು ಒಂದಕ್ಕೊಂದು ಅಂಟಿಸುವ ಲಿಂಡರ್ ಅವರ ಕತ್ತರಿಗೆ ಯಾವ ಅವಸರವೂ ಇರಲಿಲ್ಲ. ಶಸ್ತ್ರವೈದ್ಯರ ನಿಖರತೆ ಇತ್ತು.

ಎಲ್ಲರೂ ಒರಟಾಗಿಯೇ ಮಾಡಿದರು ಎಂದುಕೊಳ್ಳಬೇಡಿ. ನ್ಯೂಯಾರ್ಕಿನಲ್ಲಿ 1976ರ ಜನವರಿಯಲ್ಲೇ ಬಂದ ‘ಪಂಕ್’ ಪತ್ರಿಕೆಯನ್ನು ಜಾನ್ ಹಾಮ್‌ಸ್ಟ್ರಾಮ್ ಕಾಮಿಕ್ಸ್‌ನಂತೆ ಕೈಬರಹದಲ್ಲಿ ಅಂದವಾಗಿ ತುಂಬಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ‘ಸರ್ಚ್ ಆ್ಯಂಡ್ ಡೆಸ್ಟ್ರಾಯ್’ 1977ರಲ್ಲಿ ಶುರುವಾದದ್ದು ಸಿಟಿ ಲೈಟ್ಸ್ ಪುಸ್ತಕದಂಗಡಿಯ ನೌಕರ ವಿ. ವೇಲ್ ಅವರಿಂದ. ಅಂಗಡಿಯ ಒಡೆಯ, ಕವಿ ಲಾರೆನ್ಸ್ ಫರ್ಲಿಂಗೆಟಿ ಮತ್ತು ಇನ್ನೊಬ್ಬ ಕವಿ ಆ್ಯಲನ್ ಗಿನ್ಸ್‌ಬರ್ಗ್ ತಲಾ 100 ಡಾಲರ್ ಕೊಟ್ಟಿದ್ದರು. ದೊಡ್ಡ ಹಾಳೆ, ಒಳ್ಳೆಯ ಅಚ್ಚು.

ಆದರೂ ಒರಟು ಪುಟಗಳಿಗೇ ಹೆಚ್ಚು ಮಕ್ಕಳು ಹುಟ್ಟಿದವು. ಇದಕ್ಕೆ ನನ್ನ ವೃತ್ತಿಯ ಕಣ್ಣಿಗೆ ಕಾಣುವ ಕಾರಣವಿಷ್ಟೇ: ಚೆನ್ನಾಗಿ ಅಚ್ಚಾದ ಪುಟ ತನ್ನನ್ನು ಹೇಗೆ ಮಾಡಿದರೆಂಬುದನ್ನು ಮುಚ್ಚಿಡುತ್ತದೆ. ನಮಗೆ ಸಂಬಳ ಕೊಡುವುದೇ ಅದಕ್ಕೆ. ಈ ಪುಟ ಎಲ್ಲವನ್ನೂ ಬಿಟ್ಟುಕೊಡುತ್ತದೆ. ಹದಿನೈದರ ಹುಡುಗಿಯೊಬ್ಬಳು ಅದನ್ನು ಕೈಗೆತ್ತಿಕೊಂಡರೆ ಏನೇನು ಸಾಮಾನು ಬೇಕೆಂದು ನೋಡನೋಡುತ್ತಲೇ ಲೆಕ್ಕ ಹಾಕಬಲ್ಲಳು. 1977ರ ಆರಂಭದಲ್ಲಿ ‘ಸೈಡ್‌ಬರ್ನ್ಸ್’ ಎಂಬ ಫ್ಯಾನ್‌ಜೀನಿನಲ್ಲಿ ಒಂದು ಚಿತ್ರ ಬಂತು. ಗಿಟಾರಿನ ಮೂರು ಕಾರ್ಡುಗಳ, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳ, ಗೀಚು. ಇದೊಂದು ಕಾರ್ಡು, ಇದು ಇನ್ನೊಂದು, ಇದು ಮೂರನೆಯದು, ಈಗ ತಂಡ ಕಟ್ಟು ಎಂದು ಬರಹ. ಇದನ್ನು ಇವತ್ತಿಗೂ ‘ಸ್ನಿಫಿನ್ ಗ್ಲೂ’ ಲೆಕ್ಕಕ್ಕೆ ಬರೆಯುವವರಿದ್ದಾರೆ, ಅದು ತಪ್ಪು. ಪೆರಿ ಹೇಳಿದ್ದು ಅದರ ಪತ್ರಿಕಾ ರೂಪ: ನಾವು ಬರೆದದ್ದರಿಂದ ತೃಪ್ತಿಪಡಬೇಡಿ, ಹೋಗಿ ನಿಮ್ಮದೇ ಫ್ಯಾನ್‌ಜೀನ್ ಶುರುಮಾಡಿ. ಓದುಗರು ಹಾಗೆಯೇ ಮಾಡಿದರು. ಗ್ಲಾಸ್ಗೋದಲ್ಲಿ ‘ರಿಪ್ಡ್ ಆ್ಯಂಡ್ ಟೋರ್ನ್’ 1976ರ ನವೆಂಬರ್‌ನಲ್ಲೇ ಬಂತು. ಮುಂದೆ ಪೋಗ್ಸ್ ತಂಡದ ಗಾಯಕನಾದ ಶೇನ್ ಮೆಗವನ್ ಕೂಡ ಒಂದೇ ಒಂದು ಸಂಚಿಕೆ ತಂದ. ಶಾಲಾ ಬಾಲಕ ಟೋನಿ ಫ್ಲೆಚರ್ 1977ರಲ್ಲಿ ಆರಂಭಿಸಿದ ‘ಜ್ಯಾಮಿಂಗ್’ ಬೆಳೆದು ಅಂಗಡಿಯಲ್ಲಿ ಮಾರುವ ನಿಜವಾದ ಪತ್ರಿಕೆಯೇ ಆಯಿತು.

ಪೆರಿಯ ಪತ್ರಿಕೆಯೂ ಕೈಮೀರಿ ಬೆಳೆಯಿತು. ಮೂರು ಮತ್ತು ನಾಲ್ಕನೆಯ ಸಂಚಿಕೆಗಳ ನಡುವೆ ಮೂರೂವರೆಯ ಸಂಚಿಕೆ ತಂದ ಈ ಅವಸರದ ಹುಡುಗನ ಪತ್ರಿಕೆ, ವರ್ಷ ತುಂಬುವ ಹೊತ್ತಿಗೆ ಸಾವಿರಗಟ್ಟಲೆ ಪ್ರತಿ ಖರ್ಚಾಗುತ್ತಿತ್ತು. ಬ್ಯಾಂಕಿನ ಕೆಲಸ ಬಿಟ್ಟಾಗಿತ್ತು. 1977ರ ಬೇಸಿಗೆಯ ಕೊನೆಗೆ 12ನೆಯ ಸಂಚಿಕೆ ತಂದು ಅವನೇ ಬಾಗಿಲು ಹಾಕಿದ. ತನ್ನದೇ ತಂಡ ಆಲ್ಟರ್ನೇಟಿವ್ ಟಿವಿಯ ಹಾಡಿನ ತೆಳು ರೆಕಾರ್ಡೊಂದನ್ನು ಅದರ ಜೊತೆಗೆ ಕೊಟ್ಟ. ದಿ ಕ್ಲ್ಯಾಶ್ ಎಂಬ ಪಂಕ್ ತಂಡ ಸಿಬಿಎಸ್ ಎಂಬ ದೊಡ್ಡ ರೆಕಾರ್ಡು ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ ದಿನವೇ ಪಂಕ್ ಸತ್ತಿತು ಎಂದವನೂ ಇವನೇ. ಅತಿಯಾಯಿತು ಅನಿಸುತ್ತದೆ. ಆದರೆ ಚೆನ್ನಾಗಿ ನಡೆಯುತ್ತಿರುವ ಪತ್ರಿಕೆಯನ್ನು ತಾನಾಗಿ ನಿಲ್ಲಿಸಿದ ಸಂಪಾದಕರು ಎಷ್ಟು ಜನ ಸಿಗುತ್ತಾರೆ?

ಮಾಡಿದ ಮೇಲೆ ಹಂಚಬೇಕಲ್ಲ. ಪಶ್ಚಿಮ ಲಂಡನ್ನಿನ ರಫ್ ಟ್ರೇಡ್ ಅಂಗಡಿ, 1976ರಲ್ಲಿ ತೆರೆದದ್ದು, ರೆಕಾರ್ಡುಗಳ ಪಕ್ಕದಲ್ಲೇ ಇವನ್ನೂ ಇಟ್ಟು ಮಾರುತ್ತಿತ್ತು. ಬಿಲ್ಲೆಗಳನ್ನು ಮಾಡುತ್ತಿದ್ದ ಬೆಟರ್ ಬ್ಯಾಡ್ಜಸ್ ಎಂಬ ಸಂಸ್ಥೆ ಮೊದಲು ಅಚ್ಚು, ಹಣ ಆಮೇಲೆ ಎಂಬ ಕರಾರಿನ ಮೇಲೆ ಎಷ್ಟೋ ಫ್ಯಾನ್‌ಜೀನ್‌ಗಳನ್ನು ಮುದ್ರಿಸಿಕೊಟ್ಟಿತು. ಮುದ್ರಕರ ಕಷ್ಟ ಬಲ್ಲ ನನಗೆ ಆ ಧೈರ್ಯದ ಬಗ್ಗೆ ಗೌರವವಿದೆ. ಉಳಿದದ್ದೆಲ್ಲ ಅಂಚೆಯ ಕೃಪೆ. ನಾಣ್ಯವನ್ನು ರಟ್ಟಿಗೆ ಟೇಪಿನಿಂದ ಅಂಟಿಸಿ ಕಳುಹಿಸುವುದು, ವಿಳಾಸ ಬರೆದ ಲಕೋಟೆಯನ್ನು ಜೊತೆಗಿಡುವುದು, ನಿನ್ನ ಸಂಚಿಕೆಗೆ ನನ್ನ ಸಂಚಿಕೆ ಎಂಬ ವಿನಿಮಯ. ಒಂದು ಕಳ್ಳ ವಿದ್ಯೆಯೂ ಇತ್ತು: ಅಂಚೆಚೀಟಿಯ ಮೇಲೆ ಸೋಪನ್ನೋ ತೆಳುವಾಗಿ ಅಂಟನ್ನೋ ಸವರುವುದು. ಅಂಚೆ ಮುದ್ರೆ ಆ ಪದರದ ಮೇಲೆ ಕೂರುತ್ತದೆ. ಪಡೆದವನು ತೊಳೆದು ಅದೇ ಚೀಟಿಯಲ್ಲಿ ಉತ್ತರ ಬರೆಯುತ್ತಾನೆ.

ಒಳಗಿನ ಬರಹ ಹೇಗಿತ್ತು ಎಂದು ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಬಹುಪಾಲು ಸಪ್ಪೆ. ತಂಡಕ್ಕೆ ಹೆಸರು ಹೇಗೆ ಬಂತು ಎಂಬಂಥ ಸಂದರ್ಶನಗಳು, ಗೆಳೆಯರ ತಂಡಕ್ಕೆ ಹೊಗಳಿಕೆ, ಪಕ್ಕದ ಫ್ಯಾನ್‌ಜೀನಿನವರಿಗೆ ಬೈಗುಳ. ಹೊಳೆಯುವ ಪುಟಗಳು ಹೆಚ್ಚಾಗಿ, ಬೇರೆಲ್ಲೂ ಜಾಗ ಸಿಗದವರು ಬರೆದವು. 1977ರಲ್ಲಿ ಲೂಸಿ ಟೂತ್‌ಪೇಸ್ಟ್ ಎಂಬ ಹೆಸರಿಟ್ಟುಕೊಂಡು ಲೂಸಿ ವಿಟ್ಮನ್ ತಂದ ‘ಜೋಲ್ಟ್’, ಪಂಕ್ ಗಂಡಸರ ಮತ್ತೊಂದು ಕೂಟವಾಗುತ್ತಿದೆಯೇ ಎಂದು ಆಗಲೇ ಕೇಳುತ್ತಿತ್ತು. ಆ ಪ್ರಶ್ನೆ ಪೂರ್ತಿ ಸಿಡಿದದ್ದು 1990ರ ದಶಕದ ಮೊದಲಲ್ಲಿ, ಅಮೆರಿಕದ ಒಲಿಂಪಿಯಾ ಮತ್ತು ವಾಷಿಂಗ್ಟನ್ ಡಿ.ಸಿ.ಯ ಹುಡುಗಿಯರ ಕೈಯಲ್ಲಿ. ಟೋಬಿ ವೇಲ್ ಅವರ ‘ಜಿಗ್‌ಸಾ’, ಆ್ಯಲಿಸನ್ ವುಲ್ಫ್ ಮತ್ತು ಮಾಲಿ ನ್ಯೂಮನ್ ಅವರ ‘ಗರ್ಲ್ ಜರ್ಮ್ಸ್’, ಕ್ಯಾಥ್ಲೀನ್ ಹ್ಯಾನಾ ಮತ್ತು ಗೆಳತಿಯರ ‘ಬಿಕಿನಿ ಕಿಲ್’. ಮನೆಯೊಳಗಿನ ಹಿಂಸೆ, ಲೈಂಗಿಕ ದೌರ್ಜನ್ಯ, ತನ್ನ ದೇಹದ ಬಗ್ಗೆ ತನಗೇ ಕಲಿಸಿದ ನಾಚಿಕೆ, ಇವನ್ನೆಲ್ಲ ಅಪರಿಚಿತರಿಗೆ ಓದಲು ಕೊಟ್ಟು, ನನಗೂ ಹೀಗಾಗಿದೆ ಎಂಬ ಪತ್ರಗಳನ್ನು ಪಡೆದವರು ಅವರು. ಮೂಲ ಪಂಕ್ ಫ್ಯಾನ್‌ಜೀನ್‌ಗಳಿಗಿಂತ ಇವನ್ನೇ ನಾನು ಮೇಲಿಡುತ್ತೇನೆ. ಸಂಗೀತ ತಿಳಿಯದವರೂ ಓದಬಹುದು.

ವೇಷ ಎಂದೆನಲ್ಲ. ಕತ್ತರಿಸಿದ ಅಕ್ಷರ, ಬಿರುಕುಬಿಟ್ಟ ಫೋಟೊ ಬಹುಬೇಗ ರೆಕಾರ್ಡು ಕಂಪನಿಗಳ ಜಾಹೀರಾತಿಗೆ ದಾಟಿದವು. ಈಗ ಬಟ್ಟೆ ಅಂಗಡಿಯ ಪೋಸ್ಟರಿನಲ್ಲೂ ಕಾಣುತ್ತವೆ, ಅವಸರವಿಲ್ಲದ ಕಂಪ್ಯೂಟರಿನಲ್ಲಿ ಕೂತು ಮಾಡಿದ್ದು. ಇದಕ್ಕೆ ಸೆಟೆದು ನಿಂತವರೂ ಇದ್ದರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ರೇಡಿಯೊ ಕಾರ್ಯಕ್ರಮವಾಗಿ ಹುಟ್ಟಿ 1982ರಲ್ಲಿ ಪತ್ರಿಕೆಯಾದ ‘ಮ್ಯಾಕ್ಸಿಮಮ್ ರಾಕ್‌ನ್‌ರೋಲ್’ ದೊಡ್ಡ ಕಂಪನಿಗಳ ರೆಕಾರ್ಡುಗಳಿಗೆ ವಿಮರ್ಶೆಯನ್ನೂ ಬರೆಯಲಿಲ್ಲ, ಅವರ ಜಾಹೀರಾತನ್ನೂ ಹಾಕಲಿಲ್ಲ. ಮಡಿವಂತಿಕೆ ಎಂದು ಅನೇಕರು ನಕ್ಕರು. 2019ರವರೆಗೆ ಅದು ಕಾಗದದ ಮೇಲೆ ನಡೆಯಿತು.

ಗ್ರಂಥಾಲಯಗಳ ವಿಷಯ. ಲಂಡನ್ನಿನ ಬ್ರಿಟಿಷ್ ಲೈಬ್ರರಿ ಪಂಕ್ ಫ್ಯಾನ್‌ಜೀನ್‌ಗಳನ್ನು ಇಟ್ಟುಕೊಂಡಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫೇಲ್ಸ್ ಗ್ರಂಥಾಲಯದಲ್ಲಿ ಮೇಲೆ ಹೇಳಿದ ಹುಡುಗಿಯರ ಫ್ಯಾನ್‌ಜೀನ್‌ಗಳ, ಕಾಗದಪತ್ರಗಳ ದೊಡ್ಡ ಸಂಗ್ರಹವಿದೆ. ಮುಖಪುಟಗಳು ಚೆಂದ ಎಂದು ಇಟ್ಟದ್ದಲ್ಲ. ಯಾವ ಊರಿನಲ್ಲಿ ಯಾವ ಶನಿವಾರ ಯಾರು ನುಡಿಸಿದರು, ಎಷ್ಟು ಜನ ಬಂದರು, ಟಿಕೆಟ್ ಎಷ್ಟು, ಹೊಡೆದಾಟ ಏಕಾಯಿತು ಎಂಬುದನ್ನು ದೊಡ್ಡ ಪತ್ರಿಕೆಗಳು ಬರೆಯಲಿಲ್ಲ, ಇವು ಬರೆದವು. ನೀವು ನೋಡುವಾಗ ಮುಖಪುಟದಲ್ಲೇ ನಿಲ್ಲದೆ ಕೊನೆಯ ಪುಟಗಳಿಗೆ ಹೋಗಿ. ಅಲ್ಲಿ ಬೇರೆ ಫ್ಯಾನ್‌ಜೀನ್‌ಗಳ ವಿಳಾಸ, ಬೆಲೆ, ಎರಡು ಸಾಲಿನ ವಿಮರ್ಶೆ ಇರುತ್ತವೆ. ಯಾವ ಊರಿನವರು ಯಾವ ಊರಿನವರಿಗೆ ಬರೆಯುತ್ತಿದ್ದರು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದರು ಎಂಬುದು ಆ ಪುಟಗಳಿಂದಲೇ ತಿಳಿಯುತ್ತದೆ.